ಹಣ್ಣಿನ ರಸದ ಘಟಕದಲ್ಲಿ ಪ್ಯಾಕಿಂಗ್ ಮೇಲ್ವಿಚಾರಕರ ಹೊಣೆ



ಮರದಲ್ಲಿರುವ ಮಾವಿನ ಕಾಯಿ ಒಂದು ವಾರ ಕಾದೀತು. ಕಿತ್ತು ಹಣ್ಣಾದದ್ದು ಎರಡು ದಿನ ಕಾಯುವುದೂ ಕಷ್ಟ. 2025ರ ಜೂನ್ ತಿಂಗಳಿನಲ್ಲಿ ತೋತಾಪುರಿಯ ಬೆಲೆ ಕುಸಿಯಿತು. ಅದೇ ಸಮಯದಲ್ಲಿ ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ತನ್ನ ಜಿಲ್ಲೆಯೊಳಗೆ ಬರದಂತೆ ತಡೆ ಹಾಕಿತು. ಆ ಕಡೆಯ ತಿರುಳು ಕಾರ್ಖಾನೆಗಳನ್ನೇ ನಂಬಿದ್ದ ಕೋಲಾರ ಜಿಲ್ಲೆಯ ಬೆಳೆಗಾರರು ಪಟ್ಟ ಪಾಡು ನಿಮಗೆ ನೆನಪಿರಬಹುದು. ಇಂತಹ ಸಂದರ್ಭಗಳಲ್ಲೆಲ್ಲ "ನಮ್ಮದೇ ಒಂದು ಘಟಕ ಇದ್ದಿದ್ದರೆ" ಎಂಬ ಮಾತು ರೈತರ ಸಭೆಗಳಲ್ಲಿ ಕೇಳಿಬರುತ್ತದೆ. ಮಾತು ಸರಿಯಾದದ್ದೇ. ಹಲವು ಕಡೆ ರೈತರ ಗುಂಪುಗಳು ಸಾಲ ಮತ್ತು ಸಹಾಯಧನ ಪಡೆದು ಸಣ್ಣ ಘಟಕಗಳನ್ನು ತೆರೆದೂ ಇವೆ.

ಆದರೆ ಘಟಕ ತೆರೆಯುವಾಗ ನಮ್ಮ ಗಮನವೆಲ್ಲ ತಿರುಳು ತೆಗೆಯುವ ಯಂತ್ರ, ಕುದಿಸುವ ಹಂಡೆ, ಬಾಯ್ಲರ್ ಇವುಗಳ ಮೇಲೆ ಇರುತ್ತದೆ. ಸೀಸೆಗೆ ತುಂಬಿ, ಮುಚ್ಚಳ ಹಾಕಿ, ಪೆಟ್ಟಿಗೆಗೆ ಇಡುವ ಕೆಲಸವನ್ನು "ಅದೇನು ಮಹಾ" ಎಂದು ಯಾರಿಗಾದರೂ ವಹಿಸಿಬಿಡುತ್ತೇವೆ. ವರ್ಷವಿಡೀ ಬೆಳೆದ ಬೆಳೆ ಉಳಿಯುವುದೂ ಕೆಡುವುದೂ ಈ ಕೊನೆಯ ಕೋಣೆಯಲ್ಲಿ. ಈ ಕೋಣೆಯನ್ನು ನೋಡಿಕೊಳ್ಳುವ ಪ್ಯಾಕಿಂಗ್ ಮೇಲ್ವಿಚಾರಕರ ಕೆಲಸವೇನು, ಅವರಿಗೆ ಯಾವ ಅಧಿಕಾರ ಇರಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಘಟಕ ನಡೆಸುವವರಿಗೂ, ಈ ಕೆಲಸಕ್ಕೆ ಮಗನನ್ನೋ ಮಗಳನ್ನೋ ಕಳುಹಿಸಬೇಕೆಂದಿರುವವರಿಗೂ ಇದು ಉಪಯೋಗವಾದೀತು.

ಒಂದು ಘಟಕದಲ್ಲಿ ಕಂಡದ್ದು

ಕೆಲವು ವರ್ಷಗಳ ಹಿಂದೆ ಮಾವು ಬೆಳೆಯುವ ಒಂದು ತಾಲ್ಲೂಕಿನ ರೈತರ ಗುಂಪಿನಿಂದ ನನಗೆ ಕರೆ ಬಂದಿತು. ನಾನು ಬೇಸಾಯಶಾಸ್ತ್ರದವನು, ಅಲ್ಲಿನ ಕೆಲವರ ತೋಟಗಳಲ್ಲಿ ಮಾವಿನ ನಡುವೆ ಹುರುಳಿ ಮತ್ತು ರಾಗಿಯ ಅಂತರ ಬೆಳೆ ಪ್ರಯೋಗ ನಡೆಸಿದ್ದೆ. ಗುಂಪಿನ ಘಟಕದಲ್ಲಿ ತಯಾರಾದ 200 ಮಿ.ಲೀ. ಮಾವಿನ ಪಾನೀಯದ ಸೀಸೆಗಳು ಅಂಗಡಿಗಳಿಂದ ವಾಪಸು ಬರುತ್ತಿದ್ದವು. ಮುಚ್ಚಳಗಳು ಉಬ್ಬಿದ್ದವು, ತೆರೆದರೆ ಹುಳಿ ವಾಸನೆ, ನೊರೆ. "ಹಣ್ಣೇ ಸರಿಯಿಲ್ಲ, ಏನೋ ಔಷಧಿ ಹೊಡೆದಿದ್ದಾರೆ" ಎಂದು ಹೇಳಿ ಘಟಕದವರು ಬೆಳೆಗಾರರ ಬಾಕಿ ಹಣವನ್ನು ತಡೆಹಿಡಿದಿದ್ದರು. ಹಣ್ಣಿನಲ್ಲಿ ದೋಷ ಇದೆಯೇ ಎಂದು ನೋಡಲು ನನ್ನನ್ನು ಕರೆದಿದ್ದರು.

ಸೀಸೆಗಳ ಮೇಲಿನ ಬ್ಯಾಚ್ ಸಂಖ್ಯೆಯನ್ನೂ ಹಣ್ಣು ಪಡೆದ ದಿನದ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಮೊದಲ ಎರಡು ದಿನ ತುಂಬಿದ ಸೀಸೆಗಳು ಚೆನ್ನಾಗಿದ್ದವು. ಮೂರನೆಯ ದಿನದಿಂದ ತುಂಬಿದವು ಕೆಟ್ಟಿದ್ದವು. ಎರಡನೆಯ ದಿನವೂ ನಾಲ್ಕನೆಯ ದಿನವೂ ಅದೇ ತೋಟಗಳ ಹಣ್ಣು ಬಂದಿತ್ತು. ಹಣ್ಣಿನಲ್ಲಿ ದೋಷವಿದ್ದರೆ ಎರಡೂ ದಿನದ ಸೀಸೆಗಳು ಕೆಡಬೇಕಿತ್ತು. ಕ್ಷೇತ್ರ ಪ್ರಯೋಗದಲ್ಲಿ ಹೋಲಿಕೆಯ ತಾಕು ಮಾಡುವ ಕೆಲಸವನ್ನು ಇಲ್ಲಿ ಬ್ಯಾಚ್ ಸಂಖ್ಯೆ ಮಾಡಿತು. ತೊಂದರೆ ಮೂರನೆಯ ದಿನ ಘಟಕದ ಒಳಗೇ ಆರಂಭವಾಗಿತ್ತು.

ತುಂಬುವ ಕೋಣೆಯ ಪುಸ್ತಕ ತರಿಸಿದೆವು. ಪ್ರತಿ ಅರ್ಧ ಗಂಟೆಗೆ ರಸದ ಉಷ್ಣತೆ ಬರೆಯಬೇಕಾದ ಪುಸ್ತಕ ಅದು. ಮೊದಲ ಎರಡು ದಿನ 88, 86, 87, 85 ಎಂದು ಅಂಕಿಗಳು ಏರಿಳಿದಿದ್ದವು. ಮೂರನೆಯ ದಿನದಿಂದ ಪುಟ ತುಂಬ 86, 86, 86. ಕಡ್ಡಿ ಮುರಿದ ಉಷ್ಣಮಾಪಕ ಮೇಜಿನ ಖಾನೆಯಲ್ಲಿ ಸಿಕ್ಕಿತು. ಮೇಲ್ವಿಚಾರಣೆ ನೋಡುತ್ತಿದ್ದವನು ಅದೇ ಊರಿನ ಹುಡುಗ.

"ಮುರಿದ ದಿನವೇ ಹೇಳಿದ್ದೆ ಸಾರ್. ಗೇಟಿನ ಹೊರಗೆ ಮೂರು ಲೋಡು ಹಣ್ಣು ನಿಂತಿದೆ, ಮೊದಲು ಲೈನ್ ಓಡಿಸು ಅಂದರು" ಎಂದ.

"ಹಾಗಾದರೆ 86 ಅಂತ ಯಾಕಪ್ಪ ಬರೆದೆ?"

"ಖಾಲಿ ಬಿಟ್ಟರೆ ಬೈತಾರೆ ಸಾರ್."

ಕೆಟ್ಟ ಸೀಸೆಗಳನ್ನೆಲ್ಲ ಗುಂಡಿ ತೋಡಿ ಸುರಿಯಬೇಕಾಯಿತು. ಬೆಳೆಗಾರರ ಬಾಕಿ ದೀಪಾವಳಿಯ ಹೊತ್ತಿಗೆ ಎರಡು ಕಂತುಗಳಲ್ಲಿ ಬಂದಿತು. ಆದರೆ ಘಟಕದ ಷೇರುದಾರರೂ ಅವರೇ ಆಗಿದ್ದರಿಂದ ನಷ್ಟ ಸುತ್ತಿಕೊಂಡು ಅವರ ತಲೆಗೇ ಬಂದಿತು. ಹುಡುಗ ಕೆಲಸ ಬಿಟ್ಟ. ಅವನು ಬಾಯಲ್ಲಿ ಹೇಳಿದ್ದು ನಿಜವಿರಬಹುದು. ಪುಸ್ತಕದಲ್ಲಿ ಅವನ ಕೈಬರಹವೇ ಅವನ ವಿರುದ್ಧ ನಿಂತಿತ್ತು. ಉಷ್ಣಮಾಪಕ ಇಲ್ಲವೆಂದು ಲೈನ್ ನಿಲ್ಲಿಸುವ ಅಧಿಕಾರವನ್ನು ಯಾರೂ ಅವನಿಗೆ ಕೊಟ್ಟಿರಲಿಲ್ಲ ಎಂಬುದು ಈ ಘಟನೆಯ ಮುಖ್ಯ ಪಾಠ.

ಮೇಲ್ವಿಚಾರಕರ ಕೆಲಸದ ವ್ಯಾಪ್ತಿ

ಸಿದ್ಧವಾದ ರಸ ಹಂಡೆಯಿಂದ ಹೊರಬಿದ್ದಲ್ಲಿಂದ ರಟ್ಟಿನ ಪೆಟ್ಟಿಗೆಗಳು ಉಗ್ರಾಣದಲ್ಲಿ ಜೋಡಣೆಯಾಗುವವರೆಗಿನ ಎಲ್ಲ ಕೆಲಸ ಪ್ಯಾಕಿಂಗ್ ಮೇಲ್ವಿಚಾರಕರದು. ಸೀಸೆ ತೊಳೆಯುವುದು, ತುಂಬುವುದು, ಮುಚ್ಚುವುದು, ತಣಿಸುವುದು, ಲೇಬಲ್ ಅಂಟಿಸುವುದು, ಪೆಟ್ಟಿಗೆಗೆ ಹಾಕುವುದು ಒಂದರ ಹಿಂದೆ ಒಂದು ನಡೆಯುವ ಈ ಸರಣಿಗೆ ಘಟಕಗಳಲ್ಲಿ ಲೈನ್ ಎನ್ನುತ್ತಾರೆ. ಮೇಲ್ವಿಚಾರಕರು ಯಂತ್ರ ಬಿಚ್ಚುವ ಮೆಕ್ಯಾನಿಕ್ ಅಲ್ಲ, ಪ್ರಯೋಗಾಲಯದ ಪರೀಕ್ಷಕರೂ ಅಲ್ಲ. ಆದರೆ ಇಬ್ಬರ ಕೆಲಸವನ್ನೂ ಅಷ್ಟಿಷ್ಟು ತಿಳಿದಿರಬೇಕು.

ಪಾಳಿ ಆರಂಭವಾಗುವ ಅರ್ಧ ಗಂಟೆ ಮೊದಲೇ ಅವರು ಬಂದು ಈ ಕೆಳಗಿನವುಗಳನ್ನು ನೋಡಬೇಕು.

1. ಹಿಂದಿನ ಪಾಳಿಯ ಸೀಸೆ, ಮುಚ್ಚಳ, ಲೇಬಲ್ ಯಾವುದೂ ಲೈನ್ ಮೇಲೆ ಉಳಿದಿರಬಾರದು.
2. ತುಂಬುವ ಯಂತ್ರದ ನಳಿಗೆಗಳು, ಕೊಳವೆಗಳು ತೊಳೆದು ಶುಚಿಯಾಗಿರಬೇಕು. ನಳಿಗೆಯ ಒಳಗೆ ಒಣಗಿದ ತಿರುಳು ಇದ್ದರೆ ಅದೇ ಬೂಷ್ಟಿನ ತವರು.
3. ಮುಚ್ಚಳಗಳು ಒಣಗಿದ ಜಾಗದಲ್ಲಿ, ಮುಚ್ಚಿದ ಡಬ್ಬಿಯಲ್ಲಿರಬೇಕು. ತುಕ್ಕು ಹಿಡಿದದ್ದು, ಒಳಗಿನ ರಬ್ಬರಿನಂತಹ ಪಟ್ಟಿ ಕಿತ್ತದ್ದು ಬಳಸಬಾರದು.
4. ಉಷ್ಣಮಾಪಕ ಮತ್ತು ತಕ್ಕಡಿ ಸರಿಯಾಗಿ ತೋರಿಸುತ್ತಿವೆಯೇ ಎಂದು ನೋಡಬೇಕು.
5. ಯಂತ್ರಗಳ ತಿರುಗುವ ಭಾಗಗಳ ಮೇಲೆ ರಕ್ಷಣಾ ಕವಚ ಇರಬೇಕು. ಸಿಕ್ಕಿಕೊಂಡ ಸೀಸೆಯನ್ನು ವಿದ್ಯುತ್ ನಿಲ್ಲಿಸದೆ ಕೈಹಾಕಿ ತೆಗೆಯಲು ಯಾರಿಗೂ ಬಿಡಬಾರದು.

ಉಷ್ಣಮಾಪಕದ ಪರೀಕ್ಷೆ ಸುಲಭ. ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ ಅದು 0 ಡಿಗ್ರಿ ತೋರಿಸಬೇಕು. ಕುದಿಯುವ ನೀರಿನಲ್ಲಿ 100 ತೋರಿಸಬೇಕೆಂದು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಸಮುದ್ರಮಟ್ಟದಿಂದ 800 ರಿಂದ 900 ಮೀಟರ್ ಎತ್ತರದಲ್ಲಿರುವ ಕೋಲಾರ, ಬೆಂಗಳೂರು ಪ್ರದೇಶಗಳಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಇದನ್ನು ತಿಳಿಯದೆ ಸರಿಯಾದ ಉಷ್ಣಮಾಪಕವನ್ನು ಎಸೆದವರೂ ಇದ್ದಾರೆ. ಪಾದರಸದ ಗಾಜಿನ ಉಷ್ಣಮಾಪಕವನ್ನು ಆಹಾರದ ಕೋಣೆಯೊಳಗೆ ತರಲೇಬಾರದು. ಒಂದು ಮುರಿದರೆ ಇರಲೆಂದು ಇನ್ನೊಂದು ಕಡ್ಡಿ ಉಷ್ಣಮಾಪಕ ಬೀರುವಿನಲ್ಲಿ ಸದಾ ಇರಬೇಕು.

ಬಿಸಿ ಮತ್ತು ಮುಚ್ಚಳ

ಮಾವು, ನಿಂಬೆ, ದ್ರಾಕ್ಷಿ, ಟೊಮೆಟೊ ಮುಂತಾದ ಹುಳಿ ಇರುವ ರಸಗಳನ್ನು ಬಿಸಿಯಾಗಿ ತುಂಬಿ ಕಾಪಾಡುವ ವಿಧಾನ ಸಣ್ಣ ಘಟಕಗಳಿಗೆ ಸೂಕ್ತವಾದುದು. ಇದು ಹೇಗೆ ಕೆಲಸ ಮಾಡುತ್ತದೆಂದು ಮೇಲ್ವಿಚಾರಕರು ಅರಿತಿದ್ದರೆ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ರಸವನ್ನು ಹುಳಿಯಿಸುವ ಹುದುಗಿನ ಜೀವಿಗಳು (ಯೀಸ್ಟ್) ಬಿಸಿಗೆ ಬೇಗ ಸಾಯುತ್ತವೆ. ರಸ ಸೀಸೆಯೊಳಗೆ ಕನಿಷ್ಠ 85 ಡಿಗ್ರಿ ಸೆಂ. ಇದ್ದರೆ, ಅದೇ ಬಿಸಿಯಿಂದ ಸೀಸೆಯ ಒಳಮೈಯಲ್ಲಿರುವ ಜೀವಿಗಳೂ ಸಾಯುತ್ತವೆ. ಮುಚ್ಚಳದ ಒಳಮೈಗೆ ಮಾತ್ರ ರಸ ತಾಗಿರುವುದಿಲ್ಲ. ಆದ್ದರಿಂದ ಮುಚ್ಚಿದ ಕೂಡಲೇ ಸೀಸೆಯನ್ನು ಸುಮಾರು 3 ನಿಮಿಷ ತಲೆಕೆಳಗಾಗಿ ಇಡಬೇಕು. ಇದರಿಂದ ಮುಚ್ಚಳ ಸರಿಯಾಗಿ ಕೂತಿದೆಯೇ ಎಂಬುದೂ ಸೋರುವಿಕೆಯಿಂದ ತಿಳಿಯುತ್ತದೆ. ಬಿಸಿ 85ಕ್ಕಿಂತ ಕೆಳಗಿಳಿದರೆ ಅಥವಾ ಸೀಸೆ ತಿರುಗಿಸುವುದನ್ನು ಮರೆತರೆ ಕೆಲವು ಜೀವಿಗಳು ಬದುಕಿ ಉಳಿದು, ಸಕ್ಕರೆ ತಿಂದು, ಅನಿಲ ಬಿಡುತ್ತವೆ. ಮುಚ್ಚಳ ಉಬ್ಬುತ್ತದೆ, ಸೀಸೆ ಸಿಡಿಯಲೂಬಹುದು.

ಉಷ್ಣತೆಯನ್ನು ಹಂಡೆಯಲ್ಲಿ ಅಳೆದರೆ ಸಾಲದು, ತುಂಬಿದ ಸೀಸೆಯಲ್ಲಿ ಅಳೆಯಬೇಕು. ಹಂಡೆಯಲ್ಲಿ 90 ಇದ್ದ ರಸ ಕೊಳವೆಯಲ್ಲಿ ಹರಿದು ತಣ್ಣನೆಯ ಸೀಸೆಗೆ ಬೀಳುವಷ್ಟರಲ್ಲಿ ಹಲವು ಡಿಗ್ರಿ ಇಳಿದಿರುತ್ತದೆ. ಲೈನ್ ಯಾವುದೋ ಕಾರಣಕ್ಕೆ ಹತ್ತು ನಿಮಿಷ ನಿಂತರೆ ಕೊಳವೆಯಲ್ಲಿ ಉಳಿದ ರಸ ಇನ್ನೂ ತಣಿದಿರುತ್ತದೆ. ಮತ್ತೆ ಆರಂಭಿಸುವಾಗ ಅದನ್ನು ಹಂಡೆಗೆ ಮರಳಿಸಿ ಕಾಯಿಸಬೇಕು.

ಗಾಜಿನ ಸೀಸೆಗೆ ಇನ್ನೊಂದು ಎಚ್ಚರಿಕೆ ಬೇಕು. ಸುಮಾರು 40 ಡಿಗ್ರಿಗಿಂತ ಹೆಚ್ಚಿನ ಅಂತರದ ಬಿಸಿಯೋ ತಂಪೋ ಥಟ್ಟನೆ ತಾಗಿದರೆ ಗಾಜು ಬಿರಿಯುವ ಸಂಭವ ಉಂಟು. ಹಾಗಾಗಿ ಸೀಸೆಗಳನ್ನು ಬಿಸಿನೀರಿನಲ್ಲಿ ತೊಳೆದು ಬೆಚ್ಚಗಿರುವಾಗಲೇ ತುಂಬಬೇಕು. ತಣಿಸುವಾಗಲೂ ಮೊದಲು ಬಿಸಿನೀರು, ಆಮೇಲೆ ಉಗುರುಬೆಚ್ಚನೆಯ ನೀರು, ಕೊನೆಗೆ ತಣ್ಣೀರು ಎಂದು ಹಂತಹಂತವಾಗಿ ಮಾಡಬೇಕು. ತಣಿಯುವಾಗ ರಸ ಕುಗ್ಗಿ ಸೀಸೆಯೊಳಗೆ ನಿರ್ವಾತ ಉಂಟಾಗುತ್ತದೆ. ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಹೊರಗಿನ ನೀರನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ತಣಿಸುವ ನೀರು ಕುಡಿಯುವ ನೀರಿನಷ್ಟೇ ಶುದ್ಧವಾಗಿದ್ದು ಕ್ಲೋರಿನ್ ಹಾಕಿದ್ದಾಗಿರಬೇಕು ಎನ್ನುವುದು ಇದಕ್ಕಾಗಿಯೇ. ಸೀಸೆಯನ್ನು ಪೂರ್ತಿ ತಣ್ಣಗೆ ಮಾಡದೆ ಸುಮಾರು 40 ಡಿಗ್ರಿಯಲ್ಲಿ ಹೊರತೆಗೆದರೆ ಆ ಬಿಸುಪಿಗೆ ಮೇಲಿನ ನೀರು ಆರಿ, ಮುಚ್ಚಳಕ್ಕೆ ತುಕ್ಕು ಹಿಡಿಯುವುದಿಲ್ಲ.

ತಿರುಗಿಸಿ ಮುಚ್ಚುವ ಹಲವು ತಗಡಿನ ಮುಚ್ಚಳಗಳ ನಡುವೆ ಒಂದು ಸಣ್ಣ ಗುಬುಟು ಇರುತ್ತದೆ. ನಿರ್ವಾತ ಸರಿಯಾಗಿದ್ದರೆ ಅದು ಒಳಕ್ಕೆ ಕುಳಿತಿರುತ್ತದೆ. ಬೆರಳಿನಿಂದ ಒತ್ತಿದಾಗ ಟಕ್ ಎಂದು ಸದ್ದಾದರೆ ಆ ಸೀಸೆಯನ್ನು ಬೇರೆ ಇಡಬೇಕು. ಪ್ರತಿ ಬ್ಯಾಚಿನ ಕೆಲವು ಸೀಸೆಗಳನ್ನು ಕನಿಷ್ಠ ಒಂದು ವಾರ ಬೆಚ್ಚನೆಯ ಜಾಗದಲ್ಲಿಟ್ಟು, ಕೆಡದಿರುವುದನ್ನು ನೋಡಿಕೊಂಡು ಉಳಿದ ಮಾಲನ್ನು ಹೊರಗೆ ಬಿಡುವುದು ಹಿತಕರ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ವಿಧಾನ ಹುಳಿ ರಸಗಳಿಗೆ ಮಾತ್ರ, ಅಂದರೆ ಆಮ್ಲೀಯತೆಯ ಅಳತೆ (ಪಿಎಚ್) 4.6ಕ್ಕಿಂತ ಕಡಿಮೆ ಇರುವ ಪದಾರ್ಥಗಳಿಗೆ. ಎಳನೀರು, ಹಾಲು, ಅಣಬೆ, ಬೇಯಿಸಿದ ತರಕಾರಿ ಇವನ್ನು ಹೀಗೆ ತುಂಬಿದರೆ ಗಾಳಿಯಿಲ್ಲದ ಸೀಸೆಯೊಳಗೆ ಪ್ರಾಣಾಂತಕ ವಿಷ ಉಂಟುಮಾಡುವ ಬಾಟುಲಿನಮ್ ಎಂಬ ರೋಗಾಣು ಬೆಳೆಯಬಹುದು. ಅವಕ್ಕೆ ಬೇರೆಯೇ ಸಂಸ್ಕರಣೆ ಬೇಕು. ಮಾವಿನ ರಸದ ಹುಳಿಯೂ ತಳಿಗೆ, ಮಾಗಿದ ಹದಕ್ಕೆ ತಕ್ಕಂತೆ ಬದಲಾಗುವುದರಿಂದ ಪ್ರತಿ ಬ್ಯಾಚಿನಲ್ಲೂ ಪಿಎಚ್ ಅಳೆದು, ಅಗತ್ಯವಿದ್ದರೆ ಸಿಟ್ರಿಕ್ ಆಮ್ಲ ಸೇರಿಸಿದ ಮೇಲೆಯೇ ರಸವನ್ನು ತುಂಬಲು ಪಡೆಯಬೇಕು.

ಅಳತೆಯ ಲೆಕ್ಕ

ಸೀಸೆಯ ಮೇಲೆ 200 ಮಿ.ಲೀ. ಎಂದು ಬರೆದಿದ್ದರೆ ಒಳಗೆ ಎಷ್ಟಿರಬೇಕು? 2011ರ ಪೊಟ್ಟಣದ ಸರಕುಗಳ ಕಾನೂನು ಮಾಪನ ನಿಯಮಗಳು ಎರಡು ಮಾತು ಹೇಳುತ್ತವೆ. ಒಂದು, ಬಿಡಿ ಸೀಸೆಯಲ್ಲಿ ಸ್ವಲ್ಪ ವ್ಯತ್ಯಾಸ ಕ್ಷಮ್ಯ. 100 ರಿಂದ 200 ಮಿ.ಲೀ. ವರೆಗೆ ಇದು ಶೇ. 4.5, ಅಂದರೆ 200 ಮಿ.ಲೀ. ಸೀಸೆಗೆ 9 ಮಿ.ಲೀ. ಅರ್ಧ ಕಿಲೋ ಜಾಮಿನ ಸೀಸೆಗೆ 15 ಗ್ರಾಂ. ಎರಡು, ಹಲವು ಸೀಸೆಗಳ ಸರಾಸರಿ ಮಾತ್ರ ಬರೆದ ಪ್ರಮಾಣಕ್ಕಿಂತ ಕಡಿಮೆ ಇರಕೂಡದು. ಮೊದಲನೆಯ ಮಾತು ಎಲ್ಲರಿಗೂ ಗೊತ್ತಿರುತ್ತದೆ, ಎರಡನೆಯದನ್ನು ಮರೆಯುತ್ತಾರೆ.

ಬಿಸಿ ರಸದಲ್ಲಿ ಈ ಮರೆವು ದುಬಾರಿಯಾಗುತ್ತದೆ. 85 ಡಿಗ್ರಿ ಬಿಸಿಯ ರಸ ತಣಿದಾಗ ಸುಮಾರು ಶೇ. 3 ರಷ್ಟು ಕುಗ್ಗುತ್ತದೆ. ಬಿಸಿಯಲ್ಲಿ ಸರಿಯಾಗಿ 200 ಮಿ.ಲೀ. ತುಂಬಿದರೆ ಅಂಗಡಿಯಲ್ಲಿ ಅದು ಸುಮಾರು 194 ಮಿ.ಲೀ. ಆಗಿರುತ್ತದೆ. ಒಂದೊಂದೇ ಸೀಸೆ ನೋಡಿದರೆ 9 ಮಿ.ಲೀ. ಮಿತಿಯೊಳಗೇ ಇದೆ. ಆದರೆ ಎಲ್ಲ ಸೀಸೆಗಳೂ ಹಾಗೆಯೇ ಇರುವುದರಿಂದ ಸರಾಸರಿ ಕಡಿಮೆಯಾಗಿ ಇಡೀ ಬ್ಯಾಚು ತಪ್ಪಾಗುತ್ತದೆ.

ಆದ್ದರಿಂದ ಪ್ರಮಾಣವನ್ನು ತೂಕದಿಂದ ನೋಡುವುದು ಸೂಕ್ತ. ಶೇ. 15 ರಷ್ಟು ಸಕ್ಕರೆ ಅಂಶ ಇರುವ ಪಾನೀಯದ 1 ಮಿ.ಲೀ. ಸುಮಾರು 1.06 ಗ್ರಾಂ ತೂಗುತ್ತದೆ. 200 ಮಿ.ಲೀ. ಎಂದರೆ 212 ಗ್ರಾಂ. ಗಾಜಿನ ಸೀಸೆಗಳ ತೂಕ ಒಂದರಂತೆ ಇನ್ನೊಂದು ಇರುವುದಿಲ್ಲ. ಹಾಗಾಗಿ ಐದು ಖಾಲಿ ಸೀಸೆಗಳಿಗೆ ಗುರುತು ಹಾಕಿ, ಮುಚ್ಚಳ ಸಹಿತ ತೂಗಿ ಬರೆದುಕೊಂಡು, ಅವನ್ನು ಲೈನ್ ಮೇಲೆ ಬಿಟ್ಟು, ತುಂಬಿದ ಮೇಲೆ ತೂಗಿ ಕಳೆಯಬೇಕು. ಗಂಟೆಗೊಮ್ಮೆ ಇದನ್ನು ಮಾಡಬೇಕು. ಉದಾಹರಣೆ ನೋಡಿ:

ಬೆಳಿಗ್ಗೆ 9 ಗಂಟೆ: 214, 211, 213, 210, 212 ಗ್ರಾಂ. ಸರಾಸರಿ 212. ಸರಿಯಾಗಿದೆ.
ಬೆಳಿಗ್ಗೆ 10 ಗಂಟೆ: 208, 207, 209, 206, 210 ಗ್ರಾಂ. ಸರಾಸರಿ 208. ಯಂತ್ರವನ್ನು ತಿದ್ದಬೇಕು.

ಹತ್ತು ಗಂಟೆಯ ಐದು ಸೀಸೆಗಳಲ್ಲಿ ಯಾವುದೂ ಬಿಡಿಯಾಗಿ ಮಿತಿ ಮೀರಿಲ್ಲ. ಆದರೂ ಯಂತ್ರ ಜಾರುತ್ತಿದೆ ಎಂದು ಸರಾಸರಿ ಹೇಳುತ್ತಿದೆ. ಯಂತ್ರ ತಿದ್ದುವುದರ ಜೊತೆಗೆ 9 ರಿಂದ 10ರ ನಡುವೆ ತುಂಬಿದ ಪೆಟ್ಟಿಗೆಗಳನ್ನು ಬೇರೆ ಇಟ್ಟು ಪರೀಕ್ಷಿಸಬೇಕು. ಹೆಚ್ಚು ತುಂಬಿದರೆ ತೊಂದರೆಯಿಲ್ಲವೆಂದೂ ತಿಳಿಯಬಾರದು. ಸೀಸೆಗೆ 5 ಮಿ.ಲೀ. ಹೆಚ್ಚಾದರೆ 10,000 ಸೀಸೆಗೆ 50 ಲೀಟರ್, ಅಂದರೆ 250 ಸೀಸೆಯ ರಸ ಪುಕ್ಕಟೆ ಹೋದಂತೆ.

ಲೇಬಲ್ ಮತ್ತು ಬ್ಯಾಚ್ ಸಂಖ್ಯೆ

ಲೇಬಲ್ ಮೇಲೆ ಪದಾರ್ಥದ ಹೆಸರು, ಸೇರಿಸಿದ ವಸ್ತುಗಳ ಪಟ್ಟಿ, ಪೋಷಕಾಂಶಗಳ ವಿವರ, ನಿವ್ವಳ ಪ್ರಮಾಣ, ಸಸ್ಯಾಹಾರದ ಹಸಿರು ಗುರುತು, ತಯಾರಕರ ವಿಳಾಸ, 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನಾಂಕ, ಬಳಕೆಯ ಕೊನೆಯ ದಿನಾಂಕ, ಗರಿಷ್ಠ ಮಾರಾಟ ಬೆಲೆ, ದೂರು ನೀಡುವ ವಿಳಾಸ ಮುಂತಾದವು ಇರಬೇಕು. ಇವುಗಳಲ್ಲಿ ಹೆಚ್ಚಿನವು ಮುದ್ರಣದಲ್ಲೇ ಬಂದಿರುತ್ತವೆ. ದಿನಾಂಕ, ಬ್ಯಾಚ್ ಸಂಖ್ಯೆಗಳನ್ನು ಸಾಮಾನ್ಯವಾಗಿ ಲೈನ್ ಮೇಲೆಯೇ ಒತ್ತುತ್ತಾರೆ. ಪಾಳಿಯ ಮೊದಲ ಸೀಸೆಯ ಲೇಬಲ್ಲನ್ನು ಮೇಲ್ವಿಚಾರಕರು ಸ್ವತಃ ಓದಿ, ಸಹಿ ಮಾಡಿ, ಪುಸ್ತಕಕ್ಕೆ ಅಂಟಿಸಬೇಕು.

ಲೇಬಲ್‌ಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸು ಪಡೆಯಬೇಕು. 5,000 ಕೊಟ್ಟಿದ್ದರೆ, 4,860 ಅಂಟಿಸಿದ್ದು, 90 ಹರಿದದ್ದು, 50 ಉಳಿದದ್ದು ಎಂದು ಲೆಕ್ಕ ಕೂಡಬೇಕು. ಕೂಡದಿದ್ದರೆ ಮಾವಿನ ಲೇಬಲ್ ಇನ್ನೊಂದು ಪದಾರ್ಥದ ಮೇಲೆ ಹೋಗಿರಬಹುದು. ಬಾದಾಮಿಯೋ ಹಾಲೋ ಒಗ್ಗದ ಮನುಷ್ಯ ಲೇಬಲ್ ನಂಬಿ ಕುಡಿದರೆ ಜೀವಕ್ಕೇ ಕುತ್ತು ಬರಬಹುದು.

ಬ್ಯಾಚ್ ಸಂಖ್ಯೆಯ ಬೆಲೆ ಏನೆಂದು ಮೇಲಿನ ಘಟನೆಯಿಂದ ತಿಳಿದಿದ್ದೀರಿ. ಅಂದು ಬೆಳೆಗಾರರನ್ನು ಅಪವಾದದಿಂದ ಪಾರುಮಾಡಿದ್ದು ಆ ಸಂಖ್ಯೆಯೇ. ಯಾವ ದಿನ, ಯಾವ ಪಾಳಿ, ಯಾರ ಹಣ್ಣು ಎಂಬುದು ಅದರಿಂದ ಹಿಂದಕ್ಕೆ ಹುಡುಕಲು ಬರುವಂತಿರಬೇಕು.

ಗಾಜು ಒಡೆದಾಗ

ತೆರೆದ ಸೀಸೆಗಳ ನಡುವೆ ಒಂದು ಸೀಸೆ ಒಡೆದರೆ ಚೂರುಗಳು ಕಣ್ಣಿಗೆ ಕಾಣದಷ್ಟು ದೂರ ಸಿಡಿಯುತ್ತವೆ. ಕೂಡಲೇ ಲೈನ್ ನಿಲ್ಲಿಸಬೇಕು. ಚೂರು ಸಿಡಿದಿರಬಹುದಾದಷ್ಟು ದೂರದ ತೆರೆದ ಸೀಸೆಗಳನ್ನೆಲ್ಲ, ಎರಡೂ ಪಕ್ಕದವನ್ನು, ತೆಗೆದು ಹಾಕಬೇಕು. ಅವನ್ನು ಸೋಸಿ ಬಳಸುವ ಯೋಚನೆ ಬೇಡ. ಗಾಜಿಗೆಂದೇ ಮೀಸಲಾದ ಬೇರೆ ಬಣ್ಣದ ಪೊರಕೆ, ಮೊರ ಇರಬೇಕು. ಗುಡಿಸಿ, ತೊಳೆದು, ಮೇಲ್ವಿಚಾರಕರು ಕಣ್ಣಾರೆ ನೋಡಿದ ನಂತರವೇ ಲೈನ್ ಆರಂಭ. ಎಷ್ಟು ಗಂಟೆಗೆ, ಎಲ್ಲಿ ಒಡೆಯಿತು, ಎಷ್ಟು ಸೀಸೆ ತೆಗೆದಿರಿ ಎಂಬುದನ್ನು ಬರೆದಿಡಬೇಕು.

ಕೆಲಸಗಾರರೊಂದಿಗೆ

ಪ್ಯಾಕಿಂಗ್ ಕೋಣೆಯಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಅಕ್ಕಪಕ್ಕದ ಹಳ್ಳಿಗಳ ಹೆಣ್ಣುಮಕ್ಕಳು. ಗಾಜಿನ ಬಳೆ, ಮುಡಿದ ಹೂವು, ಕಿವಿಯ ಓಲೆ ಇವು ಲೈನ್ ಮೇಲೆ ಇರಬಾರದು. ಆದರೆ ಇಪ್ಪತ್ತು ಜನರ ಮುಂದೆ "ಬಳೆ ತೆಗೆಯಿರಿ" ಎಂದು ಗದರಿದರೆ ಯಾರ ಮನಸ್ಸಿಗೂ ನೋವಾಗುತ್ತದೆ. ಕೆಲಸಕ್ಕೆ ಸೇರುವ ಮೊದಲೇ ಕೂರಿಸಿಕೊಂಡು, "ಅಕ್ಕ, ಬಳೆಯ ಒಂದು ಚೂರು ಸೀಸೆಗೆ ಬಿದ್ದರೆ ಅದನ್ನು ಕುಡಿಯುವುದು ಯಾರದೋ ಮನೆಯ ಮಗು" ಎಂದು ಕಾರಣ ಹೇಳಿ, ಬಳೆ ಓಲೆಗಳನ್ನು ಇಡಲು ಬೀಗವಿರುವ ಸಣ್ಣ ಖಾನೆ ಕೊಟ್ಟರೆ ಒಪ್ಪದವರಿಲ್ಲ.

ಕೈಗೆ ಗಾಯವಾದವರು, ಭೇದಿ ಜ್ವರ ಇರುವವರು ಹೇಳಿಕೊಳ್ಳಲು ಹೆದರುತ್ತಾರೆ. ಆ ದಿನದ ಕೂಲಿ ಹೋಗುತ್ತದೆಂಬ ಭಯ. ಅಂಥವರಿಗೆ ತುಂಬುವ ಜಾಗದಿಂದ ದೂರದಲ್ಲಿ ಗಾಯಾಳು ಮಾಡಬಹುದಾದ ಕೆಲಸವನ್ನೋ, ರೋಗಿಗೆ ಕೂಲಿ ಸಹಿತ ರಜೆಯನ್ನೋ ಕೊಡುವ ಏರ್ಪಾಡು ಇದ್ದರೆ ಮಾತ್ರ ನಿಜ ಹೊರಬರುತ್ತದೆ. ಇದಕ್ಕೆ ಆಗುವ ಖರ್ಚು ಒಂದು ಬ್ಯಾಚ್ ಕೆಡುವ ಖರ್ಚಿನ ಮುಂದೆ ಏನೂ ಅಲ್ಲ.

ನಿಲ್ಲಿಸುವ ಅಧಿಕಾರ, ನಿಜ ಬರೆಯುವ ಪುಸ್ತಕ

ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಎರಡು ಸಂಗತಿಗಳಿದ್ದರೆ ಮಾತ್ರ ಪ್ರಯೋಜನಕ್ಕೆ ಬರುತ್ತವೆ.

ಮೊದಲನೆಯದು, ಲೈನ್ ನಿಲ್ಲಿಸುವ ಅಧಿಕಾರ. ಹಣ್ಣಿನ ಲೋಡು ಹೊರಗೆ ಕಾಯುತ್ತಿರುವಾಗ ನಿಲ್ಲಿಸುವುದು ಯಾರಿಗೂ ಇಷ್ಟವಿಲ್ಲ. ಹಣ್ಣು ತಂದ ರೈತರೂ ಗೇಟಿನಲ್ಲಿ ನಿಂತು ಬೇಗ ಮಾಡಿ ಎನ್ನುತ್ತಾರೆ. ಆದರೆ ಒಂದು ಗಂಟೆ ನಿಂತರೆ ಒಂದು ಗಂಟೆಯ ಕೆಲಸ ಹೋಗುತ್ತದೆ. ತಪ್ಪಾಗಿ ಒಂದು ಗಂಟೆ ಓಡಿದರೆ ಆ ಗಂಟೆಯ ಹಣ್ಣು, ಸಕ್ಕರೆ, ಸೀಸೆ, ಕೂಲಿ, ಸಾಗಣೆ ಎಲ್ಲವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಆದ್ದರಿಂದ ಉಷ್ಣತೆ 85ಕ್ಕಿಂತ ಇಳಿದರೆ, ಉಷ್ಣಮಾಪಕ ಅಥವಾ ತಕ್ಕಡಿ ಕೆಟ್ಟರೆ, ಗಾಜು ಒಡೆದರೆ, ಮುಚ್ಚಳ ಸೋರಿದರೆ, ಲೇಬಲ್ ಲೆಕ್ಕ ತಪ್ಪಿದರೆ ಯಾರನ್ನೂ ಕೇಳದೆ ಲೈನ್ ನಿಲ್ಲಿಸಬಹುದೆಂದು ಗುಂಪಿನ ಆಡಳಿತ ಮಂಡಳಿ ನಿರ್ಣಯ ಮಾಡಿ, ಬರೆದು, ಕೋಣೆಯ ಗೋಡೆಗೆ ಹಾಕಬೇಕು. ಕೊನೆಯ ಬಾರಿ ಸರಿ ಎಂದು ಕಂಡ ಹೊತ್ತಿನಿಂದ ತಪ್ಪು ಕಂಡ ಹೊತ್ತಿನವರೆಗಿನ ಮಾಲಿಗೆ ಕೆಂಪು ಚೀಟಿ ಹಚ್ಚಿ ಬೇರೆ ಇಡಬೇಕು.

ಎರಡನೆಯದು, ಪುಸ್ತಕ. ನಮ್ಮ ಸಂಶೋಧನಾ ಕೇಂದ್ರಗಳಲ್ಲಿ ಮಳೆಮಾಪಕ ನೋಡದೆ ಮಳೆಯ ಅಂಕಿ ಬರೆದರೆ ಆ ವರ್ಷದ ಪ್ರಯೋಗವೇ ವ್ಯರ್ಥ. ಅಂಕಿ ಇಲ್ಲದಿದ್ದರೆ ಇಲ್ಲವೆಂದಾದರೂ ಗೊತ್ತಿರುತ್ತದೆ. ಸುಳ್ಳು ಅಂಕಿ ಇದ್ದರೆ ಎಲ್ಲರೂ ಅದನ್ನು ನಂಬಿ ಮುಂದೆ ಹೋಗುತ್ತಾರೆ. "ಉಷ್ಣಮಾಪಕ ಮುರಿದಿದೆ, 11 ಗಂಟೆ 20 ನಿಮಿಷಕ್ಕೆ ವ್ಯವಸ್ಥಾಪಕರಿಗೆ ತಿಳಿಸಿದೆ" ಎಂದು ಒಂದು ಸಾಲು ಬರೆದಿದ್ದರೆ ಆ ಹುಡುಗನ ಕೆಲಸವೂ ಉಳಿಯುತ್ತಿತ್ತು, ಬೆಳೆಗಾರರ ಹಣವೂ ತಡವಾಗುತ್ತಿರಲಿಲ್ಲ. ಖಾಲಿ ಬಿಟ್ಟ ಜಾಗಕ್ಕಾಗಿ ಬೈಯುವ ವ್ಯವಸ್ಥಾಪಕರು ಸುಳ್ಳು ಬರೆಯುವುದನ್ನು ಕಲಿಸುತ್ತಾರೆ ಎಂಬುದನ್ನು ಘಟಕ ನಡೆಸುವವರು ನೆನಪಿಡಬೇಕು.

ಯಾರು ಈ ಕೆಲಸಕ್ಕೆ ತಕ್ಕವರು?

ಆಹಾರ ತಂತ್ರಜ್ಞಾನದಲ್ಲಿ ಡಿಪ್ಲೊಮಾ ಅಥವಾ ಪದವಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಲೆಕ್ಕ ಬಲ್ಲ, ಓದಲು ಬರೆಯಲು ಬರುವ, ದಿನವೂ ಒಂದೇ ಕೆಲಸವನ್ನು ಅಷ್ಟೇ ಶ್ರದ್ಧೆಯಿಂದ ಮಾಡಬಲ್ಲ ಯುವಕ ಯುವತಿಯರು ತರಬೇತಿ ಪಡೆದು ಕಲಿಯಬಹುದು. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ಆಹಾರ ಸಂಸ್ಕರಣೆ ಮತ್ತು ಪ್ಯಾಕಿಂಗ್ ವಿಷಯದಲ್ಲಿ ಅಲ್ಪಾವಧಿ ತರಬೇತಿಗಳನ್ನು ನಡೆಸುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಫಾಸ್ಟ್ಯಾಕ್ ಎಂಬ ಕಾರ್ಯಕ್ರಮದಲ್ಲಿ ಆಹಾರ ಸುರಕ್ಷತಾ ಮೇಲ್ವಿಚಾರಕರಿಗೆ ತರಬೇತಿ ದೊರೆಯುತ್ತದೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಮುಂದಿನ ದಾರಿ ತಿಳಿಯುತ್ತದೆ.

ನೆನಪಿಡಬೇಕಾದ ಅಂಶಗಳು

1. ಉಷ್ಣತೆಯನ್ನು ಸೀಸೆಯಲ್ಲಿ ಅಳೆಯಿರಿ. 85 ಡಿಗ್ರಿಗಿಂತ ಕಡಿಮೆ ಇರಬಾರದು.
2. ಮುಚ್ಚಿದ ಕೂಡಲೇ ಸೀಸೆಯನ್ನು 3 ನಿಮಿಷ ತಲೆಕೆಳಗು ಮಾಡಿ. ಶುದ್ಧ ನೀರಿನಲ್ಲಿ ಹಂತಹಂತವಾಗಿ ತಣಿಸಿ.
3. ಗಂಟೆಗೊಮ್ಮೆ ಐದು ಸೀಸೆ ತೂಗಿ, ಸರಾಸರಿ ನೋಡಿ.
4. ಮೊದಲ ಲೇಬಲ್ ಓದಿ ಸಹಿ ಮಾಡಿ, ಲೇಬಲ್‌ಗಳನ್ನು ಎಣಿಸಿ.
5. ಗಾಜು ಒಡೆದರೆ ಲೈನ್ ನಿಲ್ಲಿಸಿ.
6. ಕಂಡದ್ದನ್ನು ಮಾತ್ರ ಬರೆಯಿರಿ. ಕಾಣದಿದ್ದರೆ ಕಾಣಲಿಲ್ಲ ಎಂದು ಬರೆಯಿರಿ.

ನಿಮ್ಮ ಗುಂಪಿನ ಮುಂದಿನ ಸಭೆಯಲ್ಲಿ ಹೊಸ ಯಂತ್ರದ ವಿಚಾರ ಬಂದಾಗ, ಪ್ಯಾಕಿಂಗ್ ಕೋಣೆಯಲ್ಲಿ ಯಾರಿದ್ದಾರೆ, ಅವರಿಗೆ ಲೈನ್ ನಿಲ್ಲಿಸುವ ಅಧಿಕಾರ ಇದೆಯೇ ಎಂದು ಒಮ್ಮೆ ಕೇಳಿ. ಹಾಗೆಯೇ ಹಣ್ಣಿನ ಲೋಡಿನೊಂದಿಗೆ ನೀವು ಗೇಟಿನಲ್ಲಿ ಕಾಯುವಾಗ ಲೈನ್ ನಿಂತಿದೆಯೆಂದು ತಿಳಿದರೆ ಸ್ವಲ್ಪ ತಾಳ್ಮೆ ಇರಲಿ. ಒಳಗೆ ಯಾರೋ ನಿಮ್ಮ ಬೆಳೆಯನ್ನು ಕಾಪಾಡುತ್ತಿರಬಹುದು.